ಎರಡೆರಡು ಸಲ ಹಾಯುವ ಗೆರೆ

ಮಹಡಿ ಮನೆ ಬಾಡಿಗೆಗೆ ಕೊಟ್ಟವರ ಕಿವಿಗೆ ರಜಾ ಅನ್ನೋದೇ ಇರಲ್ಲ. ಕಡೂರಿನ ನಮ್ಮ ಬೀದಿಯಲ್ಲಿ ನಾನಾಗಿ ಹೋಗಿ ಯಾವ ಸುದ್ದಿಯನ್ನೂ ಕೇಳಿದವಳಲ್ಲ. ಅವೇ ಬಂದು ಕಿವಿಗೆ ಬೀಳ್ತವೆ. ಎರಡು ವರ್ಷದಿಂದ ಮೇಲೆ ಇರೋದು ಪಂಚನಹಳ್ಳಿ ಕಡೆಯ ಹುಡುಗಿ. ಕಾಲೇಜಿನಲ್ಲಿ ಗಣಿತ ಹೇಳಿಕೊಡ್ತಾಳೆ, ಜೊತೆಗೆ ಪಿಎಚ್‌ಡಿ ಅಂತ ಇನ್ನೇನೋ ಓದ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಆದರೂ ನಮ್ಮಿಬ್ಬರ ಕೆಲಸ ಹೆಚ್ಚೂಕಡಿಮೆ ಒಂದೇ ಅಂತ ತಿಳಿಯೋಕೆ ಬಹಳ ದಿನ ಹಿಡೀಲಿಲ್ಲ.

೧. ಕಲ್ಲಿನ ಮೇಲಿನ ಮಾಟ

ಒಂದು ಅಮಾವಾಸ್ಯೆ ಬೆಳಿಗ್ಗೆ ನೋಡಿದರೆ, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಐದು ಬಿಳಿ ಚುಕ್ಕಿ. ಅವುಗಳ ಮೇಲೆ ಹಾವಿನ ಹಾಗೆ ಹೊರಳಾಡಿದ ಒಂದು ಗೆರೆ. ರಂಗೋಲಿ ಅನ್ನೋಣ ಅಂದರೆ ಒಂದು ಹೂವಿಲ್ಲ, ಎಲೆಯಿಲ್ಲ. ಎದುರುಮನೆಯವಳು ಬಕೆಟ್ ಬಿಸಾಕಿ ಕೂಗಿಕೊಂಡಳು: "ಮಾಟ ಕಣಕ್ಕಾ! ನಮ್ಮ ಓರಗಿತ್ತಿದೇ ಕೆಲ್ಸ!"

ಓರಗಿತ್ತಿ ಇರೋದು ಚೌಳಹಿರಿಯೂರಿನಲ್ಲಿ. ಅಲ್ಲಿಂದ ಬಂದು ನಮ್ಮ ಕಲ್ಲಿಗೆ ಮಾಟ ಮಾಡಿಸೋಷ್ಟು ಪುರುಸೊತ್ತು ಅವಳಿಗಿತ್ತಾ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಮಜಾ ಕೆಡ್ತಿತ್ತು. ಪೂಜಾರಿ ಬಂದ, ನಿಂಬೆಹಣ್ಣು ಕುಯ್ದ, ಅರಿಶಿನದ ನೀರು ಹುಯ್ದು ಕಲ್ಲು ತೊಳೆಸಿದ. ಅಷ್ಟರಲ್ಲಿ ಮೇಲಿನ ಹುಡುಗಿ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಓಡಿಬಂದಳು.

"ಅಯ್ಯೋ ಅಜ್ಜಿ, ಅದು ನನ್ನ ಲೆಕ್ಕ! ಪೇಪರ್ ಸಾಲದೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಯಾರು ತೊಳೆದೋರು?"

ಪೂಜಾರಿ ಉಳಿದ ನಿಂಬೆಹಣ್ಣು ಚೀಲಕ್ಕೆ ಹಾಕಿಕೊಂಡ. "ಲೆಕ್ಕಾನೇನಮ್ಮಾ? ದೆವ್ವ ಆಗಿದ್ರೆ ಬಿಡಿಸ್ಬೋದಿತ್ತು."

೨. ಮೂರು ಬಾಗಿಲು

"ಅದೇನಮ್ಮಾ ಅಂಥಾ ಲೆಕ್ಕ?" ಅಂತ ಕೇಳಿದೆ.

"ಚುಕ್ಕಿಗಳನ್ನ ಮೊದಲೇ ಇಟ್ಟಿರ್ತಾರೆ ಅಜ್ಜಿ. ಅವನ್ನೆಲ್ಲಾ ಹಾದುಹೋಗೋ ಗೆರೆ ಇದೆಯಾ ಇಲ್ವಾ ಅಂತ ನಾವು ಹೇಳ್ಬೇಕು. ಒಂದೊಂದು ಚುಕ್ಕಿನ ಎರಡೆರಡು ಸಲ ಹಾಯ್ಬೇಕು ಅಂದ್ರೆ ಕಷ್ಟ. ಒಂದು ಸಲ ಹಾದ್ರೆ ಒಂದು ಶರತ್ತು. ಎರಡು ಸಲ ಹಾದ್ರೆ ಎಷ್ಟು ಹೇಳಿ?"

"ಎರಡು."

"ಅಲ್ಲ, ಮೂರು!"

ಒಂದು ಗಳಿಗೆ ಯೋಚನೆ ಮಾಡಿದೆ. ಸರಿಯಾಗೇ ಇತ್ತು. "ಹೌದು ಕಣಮ್ಮಾ. ಗಂಡಸು ಒಂದು ಮನೆ ಮುಂದೆ ಒಂದ್ಸಲ ಹಾದ್ರೆ ಏನೋ ಕೆಲ್ಸ ಅಂತೀವಿ. ಎರಡನೇ ಸಲ ಹಾದ್ರೆ ಮೂರು ಮನೆ ಬಾಗಿಲು ತೆಗೀತವೆ."

೩. ಶಿವಮೊಗ್ಗದ ಬಸ್ಸು

ಇನ್ನೊಂದು ದಿನ ನಾನು ಅವರೆಕಾಯಿ ಸುಲೀತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು.

"ಅಜ್ಜಿ, ಎರಡನೇ ದರ್ಜೆ ಗೆರೆಗೆ ಇರೋದು ಆರೇ ಅಂಕಿ. ಒಂದೊಂದು ಶರತ್ತಿಗೆ ಒಂದೊಂದು ಅಂಕಿ ಖರ್ಚು. ಎರಡು ಚುಕ್ಕಿ, ಎರಡೆರಡು ಸಲ ಹಾಯ್ಬೇಕು ಅಂದ್ರೆ ಮೂರು ಮೂರು ಆರು ಶರತ್ತು. ಆರಕ್ಕೆ ಆರು ಹೋಯ್ತು, ಮಿಕ್ಕಿದ್ದು ಸೊನ್ನೆ. ಲೆಕ್ಕದ ಪ್ರಕಾರ ಅಂಥಾ ಗೆರೆ ಇರಕೂಡದು. ಆದ್ರೆ ಇದೆ! ಹೇಗೆ ಹೇಳಿ ನೋಡೋಣ?"

"ಶಿವಮೊಗ್ಗದ ಬಸ್ಸು ನೋಡಿಲ್ವೇನೇ? ಬೆಳಿಗ್ಗೆ ಕಡೂರು ದಾಟಿ, ತರೀಕೆರೆ ದಾಟಿ ಹೋಗ್ತದೆ. ಸಂಜೆ ಹೋದ ದಾರೀಲೇ ವಾಪಸ್ ಬತ್ತದೆ. ಎರಡೂ ಊರು ಎರಡೆರಡು ಸಲ ಆಯ್ತಲ್ಲ?"

ಹುಡುಗಿ ಕೈಯಲ್ಲಿದ್ದ ಅವರೆಕಾಯಿ ಕೆಳಗೆ ಬಿತ್ತು. "ಅಜ್ಜಿ! ಅದೇ ಉತ್ತರ! ಒಂದೇ ಗೆರೆನ ಎರಡು ಸಲ ಎಣಿಸ್ಬೇಕು. ಇದು ಹೊಳೆಯೋಕೆ ನನಗೆ ಒಂದು ವಾರ ಹಿಡೀತು."

"ಒಂದು ವಾರ ಯಾಕಮ್ಮಾ? ಕಂಡಕ್ಟರನ್ನ ಕೇಳಿದ್ರೆ ಹೇಳ್ತಿದ್ದ."

೪. ಸಖರಾಯಪಟ್ಟಣದವರು

ಹುಡುಗಿ ನೋಡೋಕೆ ಬರೋದಕ್ಕೆ ಮುಂಚೆ ಅಕ್ಕಪಕ್ಕದಲ್ಲಿ ವಿಚಾರಿಸೋದು ನಮ್ಮ ಕಡೆ ಪದ್ಧತಿ. ಅಕ್ಕಪಕ್ಕ ಅಂದರೆ ನಾನು. ಸಖರಾಯಪಟ್ಟಣದ ಒಂದು ಸಂಬಂಧದವರು ಬಂದು ಕೂತರು. ಕಾಫಿ ಕೊಟ್ಟೆ, ಕಂಡದ್ದು ಹೇಳಿದೆ. ಹುಡುಗಿ ಒಬ್ಬ ಕನ್ನಡಕದವನ ಜೊತೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ, ನಾನು ತಂಗಿ ಮನೆಗೆ ಹೋದಾಗ ತರೀಕೆರೆ ಹೋಟೆಲಿನಲ್ಲಿ ಒಂದು ಸಲ, ಮಗಳ ಮನೆಗೆ ಹೋದಾಗ ಅಜ್ಜಂಪುರದ ಸ್ಟೇಷನ್ನಿನಲ್ಲಿ ಒಂದು ಸಲ. ನಾನು ಇಟ್ಟಿದ್ದು ಬರೀ ಚುಕ್ಕಿ. ಗೆರೆ ಅವರೇ ಎಳಕೊಂಡರು, ಲೋಟದಲ್ಲಿ ಅರ್ಧ ಕಾಫಿ ಬಿಟ್ಟು ಎದ್ದು ಹೋದರು.

ಸಂಜೆ ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದುಬಂದಳು. "ಮೂರು ಚುಕ್ಕಿನ ಒಂದೊಂದೇ ಸಲ ಹಾಯೋ ಗೆರೆ ನೂರಾರು ಇರ್ತವೆ ಅಜ್ಜಿ. ಇದೇ ಅಂತ ಹೇಗೆ ಹೇಳಿದ್ರಿ? ಮೂರನ್ನೂ ಎರಡೆರಡು ಸಲ ಹಾದಿದ್ರೆ ಒಂಬತ್ತು ಶರತ್ತು; ಮೂರನೇ ದರ್ಜೆ ಗೆರೆಗೆ ಇರೋದು ಹತ್ತು ಅಂಕಿ, ಆಗ ಗೆರೆ ಒಂದೇ ಒಂದು ಉಳೀತದೆ. ಆಗ ಹೇಳ್ಬೋದು."

ಅಳುವಾಗಲೂ ಪಾಠ ಬಿಡದ ಜಾತಿ. ತಪ್ಪು ಒಪ್ಪಿಕೊಂಡೆ. ಮಾರನೇ ದಿನದಿಂದಲೇ ಹೊರಟು, ಅವರಿಬ್ಬರನ್ನ ಮೂರೂ ಊರಿನಲ್ಲಿ ಇನ್ನೊಂದೊಂದು ಸಲ ನೋಡಿಕೊಂಡು ಬಂದೆ. ಹೆಂಗಸರಿಗೆ ಬಸ್ಸು ಫ್ರೀ ಇರುವಾಗ ಲೆಕ್ಕ ಯಾಕೆ ಅರ್ಧಕ್ಕೆ ಬಿಡಬೇಕು?

೫. ಅಜ್ಜಂಪುರದ ತಾಯಿ

ಎರಡು ತಿಂಗಳಾಗಿರಬೇಕು, ಹುಡುಗಿ ಬಂದು ಕೈ ಹಿಡಿದುಕೊಂಡಳು. "ನಾಳೆ ಅಜ್ಜಂಪುರದಿಂದ ಹುಡುಗನ ತಾಯಿ ವಿಚಾರಿಸೋಕೆ ಬತ್ತಾರೆ ಅಜ್ಜಿ. ಈ ಸಂಬಂಧ ನನಗೆ ಬೇಕೇ ಬೇಕು. ಕಾಲಿಗೆ ಬೀಳ್ತೀನಿ, ಬಾಯಿ ಬಿಡ್ಬೇಡಿ."

ಹಾಗಾದರೆ ಕನ್ನಡಕದವನ ಗತಿ? ಕೇಳೋಕೆ ನಾಲಿಗೆ ತುರಿಸ್ತು. ತಡಕೊಂಡೆ.

ತಾಯಿ ಬಂದಳು. ಕಾಫಿ ಕೊಟ್ಟೆ. "ಹುಡುಗಿ ಹೇಗಮ್ಮಾ?"

"ಚಿನ್ನ."

"ನಡತೆ?"

"ಅಪರಂಜಿ."

ಅವಳು ಕಣ್ಣು ಕಿರಿದು ಮಾಡಿದಳು. "ನೀವು ಬಿಡಿಸಿ ಬಿಡಿಸಿ ಹೇಳ್ತೀರಿ ಅಂತ ಸಖರಾಯಪಟ್ಟಣದೋರು ಅಂದಿದ್ರು. ಇಷ್ಟೇನಾ?"

ಮರ್ಯಾದೆ ಪ್ರಶ್ನೆ ಬಂತು. "ಇಷ್ಟೇ ಅಲ್ಲ ಕಣ್ರೀ! ಒಬ್ಬ ಕನ್ನಡಕದೋನು. ಕಡೂರು, ತರೀಕೆರೆ, ಅಜ್ಜಂಪುರ, ಎರಡೆರಡು ಸಲ! ಒಂದೇ ಗೆರೆ ಉಳಿಯೋದು. ಹುಡುಗೀನೇ ಹೇಳಿಕೊಟ್ಟ ಲೆಕ್ಕ!"

ಮೆಟ್ಟಿಲ ಮೇಲೆ ಹುಡುಗಿ ಬಿಳಿಚಿಕೊಂಡು ನಿಂತಿದ್ದಳು. ಕಂಡೂ ಕಾಣದ ಹಾಗೆ ಮುಖ ತಿರುಗಿಸಿದೆ; ನೋಡ್ತಾ ಕೂತಿದ್ದರೆ ಮಾತು ನಿಂತುಹೋಗ್ತಿತ್ತು. "ವಿಚಿತ್ರದ ಆಸಾಮಿ. ತರೀಕೆರೆ ಹೋಟೆಲಿನಲ್ಲಿ ಚಟ್ನಿ ಪಕ್ಕಕ್ಕೆ ತಳ್ಳಿ, ಇಡ್ಲಿಗೆ ಸಕ್ಕರೆ ಸುರ್ಕೊಂಡು ತಿಂತಿದ್ದ."

ತಾಯಿ ದಡಕ್ಕನೆ ಎದ್ದಳು. "ಇಡ್ಲಿಗೆ ಸಕ್ಕರೇನಾ?"

"ಎರಡು ಚಮಚ."

"ನನ್ನ ಮಗನೇ ಅವನು! ಬ್ರೋಕರ್ ತಂದ ಸಂಬಂಧ, ಹುಡುಗಿ ಮುಖಾನೇ ನೋಡಿಲ್ಲ ಅಂದ. ಡಾಕ್ಟರು ಶುಗರ್ ಇದೆ ಅಂದ್ಮೇಲೆ ನನ್ನ ತಲೆ ಮುಟ್ಟಿ, ಸಕ್ಕರೆ ಮುಟ್ಟಲ್ಲ ಅಂತಾನೂ ಅಂದ!" ಅಂದವಳೇ ನನ್ನ ಕಡೆ ತಿರುಗಿದಳು. "ಆಗ ಈ ಹುಡುಗಿ ಏನ್ ಮಾಡ್ತಿದ್ಲು?"

ಮುಗೀತು ಅಂದುಕೊಂಡೆ. ಕಂಡದ್ದು ಕಂಡ ಹಾಗೇ ಹೇಳಿದೆ. "ಮೂರನೇ ಚಮಚಕ್ಕೆ ಕೈ ಹಾಕಿದ. ಕೈ ಮೇಲೆ ಒಂದು ಏಟು ಕೊಟ್ಟು ಡಬ್ಬಿ ಕಿತ್ಕೊಂಡ್ಲು. ಅವನು ಸುಮ್ನೆ ಚಟ್ನಿ ನೆಂಚ್ಕೊಂಡ."

ತಾಯಿ ಮೆಟ್ಟಿಲ ಕಡೆ ಒಂದು ಗಳಿಗೆ ನೋಡಿದಳು. ಆಮೇಲೆ ಕೂತು, ಆರಿದ ಕಾಫಿಯನ್ನ ಕೊನೆ ಗುಟುಕಿನವರೆಗೂ ಕುಡಿದು ಲೋಟ ಇಟ್ಟಳು.

"ಆಷಾಢಕ್ಕೆ ಮುಂಚೆ ಮದುವೆ ಮುಗಿಸ್ಬಿಡಿ. ಮೂವತ್ತು ವರ್ಷದಿಂದ ಅವನಿಗೆ ಚಟ್ನಿ ತಿನ್ಸೋಕೆ ನನ್ನ ಕೈಲಿ ಆಗಿಲ್ಲ."