ಬಂಗಾರದ ಬೋರ್ಡಿನ ಜೊತೆ ಚೌಕಾಸಿ

ಚೌಕಾಸಿ ಮಾಡಬೇಕಾದರೆ ಎದುರಿಗೊಬ್ಬ ಮನುಷ್ಯ ಇರಬೇಕು. ಅವನ ಮುಖ ನೋಡಬೇಕು, ನಮ್ಮ ಮುಖ ಸಿಂಡರಿಸಬೇಕು, 'ಬಿಡಿ, ಬೇರೆ ಕಡೆ ನೋಡ್ತೀನಿ' ಎಂದು ಮೆಟ್ಟಿಲಿಳಿಯಬೇಕು, ಅವನು ಹಿಂದಿನಿಂದ ಕೂಗಬೇಕು. ಅರಸೀಕೆರೆಯಿಂದ ಈ ತಮಿಳು ಸೀಮೆಗೆ ಬರಿಗೈಲಿ ಬಂದು ಮಾಧವರಂನಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳ ಸಗಟು ಅಂಗಡಿ ಇಟ್ಟವನು ನಾನು. ಈ ವಿದ್ಯೆಯಿಂದಲೇ ಮೇಲೆ ಬಂದೆ. ಕೇಳಿದವರಿಗೂ ಕೇಳದವರಿಗೂ ಹೇಳಿಕೊಟ್ಟಿದ್ದೇನೆ. ಆದರೆ ಬಂಗಾರದ ದರ ಏರಿಸುವ ಆಸಾಮಿ ಯಾವ ಅಂಗಡಿಯಲ್ಲಿ ಕೂತಿದ್ದಾನೆ, ಹೇಳಿ? ಅಮೆರಿಕದಲ್ಲಿ ಬಡ್ಡಿ ಇಳಿಸುತ್ತಾರಂತೆ ಎಂದರೆ ಏರುತ್ತದೆ. ಇಳಿಸುವುದಿಲ್ಲವಂತೆ ಎಂದರೆ ಜಗತ್ತಿಗೇ ಗಾಬರಿಯಾಗಿ ಮತ್ತೆ ಏರುತ್ತದೆ. ಎಲ್ಲೋ ಯುದ್ಧ ಶುರುವಾದರೂ ಏರುತ್ತದೆ. ನಿಂತರೆ, ಇನ್ನೊಂದು ಕಡೆ ಶುರುವಾದೀತೆಂದು ಏರುತ್ತದೆ. ಅವನ ಅಂಗಡಿಗೆ ಮೆಟ್ಟಿಲೇ ಇಲ್ಲ, ನಾನು ಎಲ್ಲಿಂದ ಇಳಿಯಲಿ?

'ಹುಡುಗಿಗೆ ಈಗ್ಲೇ ಒಂದಿಷ್ಟು ಮಾಡಿಸಿಡೋಣ ಕಣ್ರೀ' ಎಂದು ನನ್ನ ಹೆಂಡತಿ ಗಿರಿಜಾ ವರ್ಷಗಟ್ಟಲೆ ಹೇಳಿದಳು. 'ತಡ್ಕೋ, ಬಡ್ಡಿ ಮೇಲಿರೋವಾಗ ಬಂಗಾರ ಬೀಳ್ಲೇಬೇಕು' ಎಂದು ನಾನು. ಟಿವಿಯಲ್ಲಿ ಕೋಟು ತೊಟ್ಟವನೂ ಅದನ್ನೇ ಹೇಳಿದ್ದ. ಅವನಿಗೆ ಮದುವೆಗೆ ಬಂದ ಮಗಳಿರಲಿಲ್ಲವೇನೋ. ನಮ್ಮ ಶ್ವೇತಾಳ ಮದುವೆ ಗೊತ್ತಾಗುವ ಹೊತ್ತಿಗೆ, ಸರ ಮತ್ತು ಬಳೆಗೆಂದು ತೆಗೆದಿಟ್ಟಿದ್ದ ದುಡ್ಡಿಗೆ ಸರವೊಂದೇ ಬರುವಂತಾಗಿತ್ತು.

ಕಳೆದ ವಾರ ಮೂವರೂ ಟಿ. ನಗರದ ಬಂಗಾರದಂಗಡಿಗೆ ಹೋದೆವು. ಬೆಳಗಿನ ದರ ಬೋರ್ಡಿನಲ್ಲಿ ಕೆಂಪಗೆ ಉರಿಯುತ್ತಿತ್ತು. ಗಿರಿಜಾ ಸರ ಆರಿಸಿದಳು. ಇದ್ದ ದುಡ್ಡಿಗೆ ಸರಿಹೋಗುತ್ತಿತ್ತು, ಕೊಟ್ಟು ಎದ್ದು ಬರಬಹುದಿತ್ತು. ಆದರೆ ಹೇಳಿದ ಬೆಲೆ ಕೊಟ್ಟು ನನಗೆ ಅಭ್ಯಾಸವಿಲ್ಲ. ದರ ಮುಟ್ಟಲಾಗದಿದ್ದರೆ, ವೇಸ್ಟೇಜ್ ಎಂದು ಮೇಲೆ ಸೇರಿಸುತ್ತಾರಲ್ಲ, ಅದನ್ನಾದರೂ ಅಲ್ಲಾಡಿಸೋಣವೆಂದು ಕೂತೆ. ಸೇಲ್ಸ್‌ಮನ್ ಸೋತು ಮ್ಯಾನೇಜರನ್ನು ಕರೆತಂದ. ಜ್ಯೂಸ್ ಬಂತು. ನಾನು ಬಾಗಿಲವರೆಗೆ ಹೋಗಿಬಂದೆ.

'ಪೋದುಂಪ್ಪಾ' ಎಂದಳು ಶ್ವೇತಾ. ಇಲ್ಲೇ ಓದಿದ ಹುಡುಗಿ. ಬೇಸರ ಬಂದರೆ ತಮಿಳಿನಲ್ಲೇ 'ಸಾಕಪ್ಪಾ' ಅನ್ನುತ್ತಾಳೆ.

'ಸುಮ್ನೆ ನೋಡ್ತಿರು, ನಾಳೆ ಸಂಸಾರ ಮಾಡೋಳು ನೀನು.'

ಮ್ಯಾನೇಜರ್ ಕೊನೆಗೆ ಕೈಮುಗಿದು ಒಂದು ಪರ್ಸೆಂಟ್ ಬಿಟ್ಟ. ನಾನು ಮೀಸೆಯ ಮೇಲೆ ಕೈಯಾಡಿಸುತ್ತಿದ್ದಾಗ ಬಿಲ್ ಹಾಕುವಾಕೆ ತಲೆಯೆತ್ತಿ, 'ಸಾರ್, ರೇಟ್ ಮಾರಿಡ್ಚು' ಎಂದಳು. ಬೋರ್ಡಿನಲ್ಲಿ ಅಂಕಿ ಬದಲಾಗಿತ್ತು. ನಾನು ಉಳಿಸಿದ್ದನ್ನು ನುಂಗಿ, ಮೇಲೆ ಇನ್ನಷ್ಟು ಕೇಳುತ್ತಿತ್ತು.

'ನಾನು ಬೆಳಿಗ್ಗೆಯಿಂದ ಇಲ್ಲೇ ಇದೀನಲ್ರೀ!' ಎಂದು ಕೂಗಾಡಿದೆ.

'ನೀವು ಇದ್ದೀರಿ ಸಾರ್, ಬಿಲ್ ಇರ್ಲಿಲ್ವಲ್ಲ' ಎಂದ ಮ್ಯಾನೇಜರ್, ಅವನ ತಮಿಳಿನಲ್ಲಿ, ಬಹಳ ವಿನಯದಿಂದ.

ಗಿರಿಜಾ ಕೈಯಲ್ಲಿದ್ದ ಬಳೆಗಳನ್ನು ತಿರುಚಿ ತಿರುಚಿ ಬಿಚ್ಚಿ ಕೌಂಟರಿನ ಮೇಲಿಟ್ಟಳು. ಅವಳ ತವರಿನವರು ಧಾರೆಯ ದಿನ ಹಾಕಿದ್ದವು. 'ಇದನ್ನ ಹಾಕ್ಕೊಂಡು ಸರ ಕೊಡಿ. ಮಿಕ್ಕಿದ್ದಕ್ಕೆ ಇವಳಿಗೆ ಬಳೆ.'

'ಏನೇ ಇದು?' ಎಂದೆ.

'ಇನ್ನೇನು, ನಿಮ್ಮ ಅಮೆರಿಕದೋರನ್ನ ಕೇಳ್ಕೊಂಡು ಮುಹೂರ್ತ ಇಡಿಸ್ಲಾ?'

ಅಲ್ಲಿಗಾದರೂ ನಾನು ಬಾಯಿ ಮುಚ್ಚಬೇಕಿತ್ತು. 'ಹಳೇ ಬಂಗಾರಕ್ಕೆ ಯಾವ ರೇಟು?' ಎಂದು ಮ್ಯಾನೇಜರನ್ನು ಕೇಳಿದೆ. ಈಗಿನದ್ದೇ ಎಂದ. ನನ್ನ ಮುಖ ಅರಳಿಬಿಟ್ಟಿತು. 'ನೋಡ್ದ್ಯಾ, ಬೆಳಿಗ್ಗೆ ಕೊಟ್ಟಿದ್ರೆ ಕಮ್ಮಿ ಸಿಕ್ತಿತ್ತು!'

ಅವಳು ಬಳೆಯ ಜಾಗದಲ್ಲಿ ಉಳಿದಿದ್ದ ಬಿಳಿಯ ಗುರುತನ್ನು ಉಜ್ಜಿಕೊಳ್ಳುತ್ತಿದ್ದಳು. ಹೊರಗೆ ಬಂದ ಮೇಲೆ ಅವಳು ಮಾತಾಡಿದ್ದು ಆಟೋದವನ ಜೊತೆ ಮಾತ್ರ. ಮಾಧವರಂಗೆ ಅವನು ಕೇಳಿದ್ದು ಹಗಲುದರೋಡೆ. ನಾನು ಬಾಯಿ ತೆರೆಯುವಷ್ಟರಲ್ಲಿ 'ಸರಿ, ನಡಿಯಪ್ಪ' ಎಂದು ಮಗಳ ಕೈಹಿಡಿದು ಹತ್ತಿ ಕೂತಿದ್ದಳು.