ಕೆಂಪು ಮೋಟಾರಿನ ಕೂಗು

ಮಾತು ಕೊಟ್ಟವರು ದೇಸಾಯರ ವಾಡೆಯ ಸಣ್ಣ ಧಣಿ, ಅದನ್ನು ಕಣಗಲಾ ಎಂಬ ಊರಿನ ತನಕ ಮುಟ್ಟಿಸಿದವನು ಕಿರಾಣಿ ಅಂಗಡಿಯ ಮುರಿಗೆಪ್ಪ, ನಡುವೆ ಸಿಕ್ಕಿಬಿದ್ದವನು ಮಾತ್ರ ಕೇದಾರಿ.

ಬೆಲ್ಲದ ಬಾಗೇವಾಡಿಯ ಊರಬಾಗಿಲಾದ ಅಗಸೆಯ ಪಕ್ಕದಲ್ಲಿ ಕೇದಾರಿಯದೊಂದು ಸೈಕಲ್ ರಿಪೇರಿ ಅಂಗಡಿ. ಅವನು ಮುಟ್ಟಿದ ಸೈಕಲ್ಲು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಓಡುತ್ತಿತ್ತು, ಅವನ ಸ್ವಂತದ್ದೊಂದನ್ನು ಬಿಟ್ಟು. ಅದರ ಬ್ರೇಕು ಹಿಡಿದರೆ ಓಣಿಗೆಲ್ಲ ಕೇಳುವಂತೆ ಕೀಂ ಎನ್ನುತ್ತಿತ್ತು. ಮೂರು ಸಲ ಹಳೆಯ ರಬ್ಬರನ್ನು ಕಿತ್ತು, ತಿರುಗಿಯೂ ನೋಡದೆ ಬಿಸಾಕಿ, ಹೊಸದು ಹಾಕಿದ್ದ. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು. ಕೊನೆಗೆ ಇದು ಸೈಕಲ್ಲಿನ ಹುಟ್ಟುಗುಣ ಎಂದು ಕೈಬಿಟ್ಟ.

ಅವನ ಹೆಂಡತಿ ರಾಮವ್ವ ವಾಡೆಯಲ್ಲಿ ರೊಟ್ಟಿ ಬಡಿಯುವವಳು. ತಂಗಿಯ ಮದುವೆಗೆಂದು ತವರೂರು ಕಣಗಲಾಕ್ಕೆ ಹೋಗಿ ಹದಿನೈದು ದಿನವಾಗಿತ್ತು. ಕರೆತರುವ ದಿನ ಬಂದಿತ್ತು. ಕೇದಾರಿಗೆ ಅಲ್ಲಿಗೆ ಹೋಗುವುದೆಂದರೆ ಆಗದು. ಸೈಕಲ್ ಇಳಿದ ಕೂಡಲೆ ಹೆಂಡತಿಯ ತಮ್ಮ ಕೆಂಚಪ್ಪ ಕಟ್ಟೆಯ ಮೇಲಿದ್ದವರೆಲ್ಲ ಕೇಳುವಂತೆ, "ಮಾಮಾ, ನಿಮ್ಮ ಕುದುರಿಗೆ ಹುಲ್ಲ ಹಾಕ್ಲೇನ್ರಿ?" ಎನ್ನುತ್ತಿದ್ದ. ಕಟ್ಟೆಯೆಲ್ಲ ನಗುತ್ತಿತ್ತು.

ಮೂವತ್ತಾರನೆಯ ಇಸವಿ ಇರಬೇಕು, ಸಣ್ಣ ಧಣಿ ಬಾಬಾಸಾಹೇಬರು ಮುಂಬಯಿಯಿಂದ ಕೆಂಪು ಮೋಟಾರು ತಂದಿದ್ದರು. ಎರಡೇ ಆಸನ, ತಲೆಯ ಮೇಲೆ ಚಾವಣಿಯಿಲ್ಲ, ಮೂತಿಯೇ ಅರ್ಧ ಗಾಡಿ. ಓಡಿದರೆ ಹಿಂದಿನ ಧೂಳು ಅದನ್ನು ಹಿಡಿಯಲಾರದೆ ಸೋತು ಕೂರುತ್ತಿತ್ತು. ಆದರೆ ಬಂದ ತಿಂಗಳೊಳಗೆ ಅದಕ್ಕೂ ಒಂದು ಜಾಡ್ಯ ಹತ್ತಿತು. ಅಗಸೆಯ ತಿರುವಿನಲ್ಲಿ ಬ್ರೇಕು ತುಳಿದರೆ ಕೀಂ ಎಂಬ ಕೂಗು. ಅದನ್ನು ಕೇಳಿದ ತಾಯಂದಿರು ಓಣಿಯಲ್ಲಿ ಆಡುವ ಕೂಸುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಬಾಬಾಸಾಹೇಬರಿಗೆ ಮಾತ್ರ ಮಾನ ಹೋದಂತಾಗುತ್ತಿತ್ತು.

"ನಾಳಿ ಸಂಜಿಯೊಳಗ ಈ ಕೂಗು ನಿಲ್ಲಸು, ಕೇದಾರಿ," ಎಂದಿದ್ದರು. "ನಿಲ್ಲಿಸಿದ್ರ ಇದ್ರಾಗ ಕೂಡಿಸ್ಕೊಂಡು ಕಣಗಲಾಕ್ಕ ನಾನ ಬಿಡ್ತೇನಿ."

ಪಕ್ಕದಲ್ಲಿದ್ದ ಮುರಿಗೆಪ್ಪ ಅದೇ ಹೊತ್ತಿಗೆ ಹೊರಟಿದ್ದ ಚಕ್ಕಡಿಯವನ ಕೈಯಲ್ಲಿ ಕಣಗಲಾಕ್ಕೆ ಸುದ್ದಿ ಕಳಿಸಿಯೇಬಿಟ್ಟ: ಅಳಿಯ ನಾಳೆ ಮೋಟಾರಿನಲ್ಲಿ ಬರುತ್ತಾನೆ. ಎರಡೇ ಆಸನದ ಗಾಡಿಯಲ್ಲಿ ಹೆಂಡತಿ ಹೇಗೆ ವಾಪಸು ಬರಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ, ಕೇದಾರಿಗಂತೂ ಇಲ್ಲವೇ ಇಲ್ಲ.

ಮರುದಿನ ಬೆಳಿಗ್ಗೆ ಅತ್ತೆಮನೆಯವರು ಕೊಟ್ಟ ಹೊಸ ರುಮಾಲು ಸುತ್ತಿಕೊಂಡು ಕೇದಾರಿ ವಾಡೆಯ ಅಂಗಳಕ್ಕೆ ಬಂದ. ಬಂದವನು ಕೆಲಸ ಮರೆತು ನಿಂತುಬಿಟ್ಟ. ಆ ಗಾಲಿಗಳೂ ಸೈಕಲ್ಲಿನ ಗಾಲಿಗಳಂತೆ ಕಡ್ಡಿಯವೇ. ಆದರೆ ಸೈಕಲ್ಲಿನ ಗಾಲಿ ಇವುಗಳ ಮನೆಯಲ್ಲಿ ಜೀತಕ್ಕಿರಬೇಕು, ಹಾಗಿದ್ದವು. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿದ. ಎಲ್ಲ ಒಂದೇ ಸ್ವರ ನುಡಿದವು. ಅವನ ಕಣ್ಣು ತೇವವಾಯಿತು. ಇಂಥದ್ದನ್ನು ಮಾಡಿದ ಮನುಷ್ಯನ ಕೈಗೆ ಒಮ್ಮೆ ನಮಸ್ಕಾರ ಮಾಡಬೇಕು ಅನ್ನಿಸಿ, ಆ ಕೈ ಎಲ್ಲಿದೆಯೋ ತಿಳಿಯದೆ ಗಾಲಿಗೇ ಮಾಡಿದ.

ಅಷ್ಟರಲ್ಲಿ ಮುರಿಗೆಪ್ಪ ಕೀಲೆಣ್ಣೆಯ ಡಬ್ಬಿ ಹಿಡಿದು ಬಂದ. "ಚಕ್ಕಡಿ ಕಿರ್ ಅಂದ್ರ ಏನ ಮಾಡ್ತೇವಿ? ಇದನ್ನ ಹಾಕ್ತೇವಿ."

"ಚಕ್ಕಡಿ ಓಡಾಕ ಎಣ್ಣಿ ಬೇಕ್ರಿ, ಕಾಕಾ. ಇದು ನಿಲ್ಲೂ ಸಾಮಾನು. ಇದಕ್ಕ ಎಣ್ಣಿ ಹಚ್ಚಿದ್ರ ಧಣ್ಯಾರು ಸೀದಾ ಹುಕ್ಕೇರ್ಯಾಗ ನಿಲ್ಲತಾರ."

ಕೇದಾರಿ ಮುಂದಿನ ಒಂದು ಗಾಲಿ ಬಿಚ್ಚಿಟ್ಟು, ಅಂಗಡಿಯಿಂದ ನಟ್ಟು ತಿರುಗಿಸುವ ಪಾನಾ ತರಲು ಹೋಗಿ ಬರುವಷ್ಟರಲ್ಲಿ ಮುರಿಗೆಪ್ಪ ಒಳಗೆ ಬೆರಳು ಹಾಕಿ ಧಾರಾಳವಾಗಿ ಬಳಿದಿದ್ದ. ಸೀಮೆಎಣ್ಣೆ ಸುರಿದು ಒರೆಸಲು ಕೇದಾರಿಯ ಕೈಗೆ ಸಿಕ್ಕಿದ್ದು ತಲೆಯ ಮೇಲಿನ ರುಮಾಲು ಒಂದೇ. ಹೊತ್ತು ನೆತ್ತಿಗೇರಿತು, ರುಮಾಲು ಕಪ್ಪಾಯಿತು.

ಆಮೇಲೆ ಕುರುಬರ ರಾಯಪ್ಪ ಬಂದ, ಬೆನ್ನಿಗೆ ಅವನ ಟಗರೂ ಬಂತು. ಅದು ಕಂಡವರ ಹೊಲಕ್ಕೆ ನುಗ್ಗುವ ತುಡುಗು ಟಗರು. ಎಲ್ಲಿದೆಯೆಂದು ತಿಳಿಯಲಿ ಅಂತ ಅದರ ಕೊರಳಿಗೆ ಕಂಚಿನ ಗಂಟೆ ಕಟ್ಟಿದ್ದ. ರಾಯಪ್ಪ ಮೋಟಾರಿನ ಮೂತಿ ಸವರಿ, ಇದಕ್ಕೆ ಹೊಟ್ಟೆನೋವೇ ಹೊರತು ಬೇರೇನೂ ಇಲ್ಲವೆಂದು ತೀರ್ಪು ಕೊಟ್ಟ. ಬಗ್ಗಿ ಕೂತಿದ್ದ ಕೇದಾರಿಯನ್ನು ಟಗರು ಹಿಂದಿನಿಂದ ಒಮ್ಮೆ ಗುಮ್ಮಿತು. ಅವನು ಎದ್ದು, ಧೂಳು ಕೊಡವಿ, ಮತ್ತೆ ಕೂತ.

ಗಾಲಿಗಳನ್ನು ಒಂದೊಂದಾಗಿ ಜಾಕಿನ ಮೇಲೆ ಎತ್ತಿ, ಕೈಯಿಂದ ತಿರುಗಿಸಿ, ಮೇಲೆ ಕೂತವನು ಬ್ರೇಕು ತುಳಿದಾಗ ಎಲ್ಲಿ ಕೂಗುತ್ತದೆಂದು ಕೇಳುವುದು ಅವನ ಉಪಾಯ. ತುಳಿಯಲು ಕೂತವನು ಮಾಲಿಂಗಪ್ಪ. ಹಿಂದೆ ವಾಡೆಯ ಕುದುರೆ ನೋಡಿಕೊಳ್ಳುತ್ತಿದ್ದ ಮುದುಕ, ಈಗ ಮೋಟಾರು ತೊಳೆಯುತ್ತಿದ್ದ. ಕೇದಾರಿ ಬಿಡಿ ಸೈಕಲ್ ಕಡ್ಡಿಯೊಂದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಗಾಲಿಯ ಹಿಂದಿನ ತಗಡಿಗೆ ಆನಿಸಿ, ಕಣ್ಣು ಮುಚ್ಚಿ ಆಲಿಸಿದ. ಮೂರು ಗಾಲಿ ಮೌನ.

"ಹಿಂದಿನ ಎಡಗಾಲಿ ಬಿಡೋ ತಮ್ಮಾ," ಎಂದ ಮಾಲಿಂಗಪ್ಪ. "ಅದಕ್ಕ ಏನೂ ಆಗಿಲ್ಲ. ನಾ ದಿನಾ ತೊಳೀತೇನಿ, ನನಗ ಗೊತ್ತಿಲ್ಲೇನು?"

ಅದೂ ಕೂಗಲಿಲ್ಲ. ಆದರೆ ಗಾಲಿ ಯಾವ ತಡೆಯೂ ಇಲ್ಲದೆ ತಿರುಗುತ್ತಲೇ ಇತ್ತು. ಮುದುಕನ ಕಾಲು ಬ್ರೇಕಿನ ಮೇಲಿತ್ತು, ಭಾರ ಮಾತ್ರ ಬಿದ್ದಿರಲಿಲ್ಲ. ವಯಸ್ಸಾಯಿತೆಂದು ಕೇದಾರಿ ಅವನನ್ನು ಇಳಿಸಿ, ಬ್ರೇಕಿನ ಮೇಲೊಂದು ಇಟ್ಟಿಗೆ ಕಟ್ಟಿ ಗಾಲಿ ತಿರುಗಿಸಿದ. ಕೀಂ ಎಂಬ ಕೂಗು ಹಲ್ಲಿನಿಂದ ತಲೆಬುರುಡೆಗೇ ಏರಿತು.

ಗಾಲಿ ಬಿಚ್ಚಿ, ಒಳಗಿನ ಬೋಗುಣಿಯಂಥದ್ದನ್ನು ಎಳೆದಾಗ, ಬ್ರೇಕಿನ ಪಟ್ಟಿಯ ಸಂದಿಯಲ್ಲಿ ಉಗುರಿನಷ್ಟು ಕಂಚಿನ ಚೂರು ಸಿಕ್ಕಿತು. ಯಾವುದೋ ಎತ್ತಿನ ಗಂಟೆ ಒಡೆದು ದಾರಿಯಲ್ಲಿ ಬಿದ್ದದ್ದು ಹಾರಿ ಸೇರಿಕೊಂಡಿರಬೇಕು ಎಂದು ಕೇದಾರಿ ಎಲ್ಲರಿಗೂ ವಿವರಿಸಿದ. ಅದೆಷ್ಟು ನೀಟಾಗಿ ಕೂತಿತ್ತೆಂಬುದು ಅವನ ಗಮನಕ್ಕೆ ಬರಲಿಲ್ಲ. ಬಾಬಾಸಾಹೇಬರು ಅವನ ಬೆನ್ನು ತಟ್ಟಿ, ಗಾಡಿ ಪರೀಕ್ಷಿಸಲು ಒಬ್ಬರೇ ಹೊರಟರು.

ಕೆಂಪು ಮೋಟಾರು ಗಾಳಿಯ ಹಾಗೆ ಹೋಗಿ, ನೆರಳಿನ ಹಾಗೆ ಸದ್ದಿಲ್ಲದೆ ಅಗಸೆಗೆ ತಿರುಗಿತು. ಕೇದಾರಿ ಬೆರಗಾಗಿ ನೋಡುತ್ತಿದ್ದ. ಆದರೆ ತಲೆಯ ಮೇಲೆ ಕೊಡ ಹೊತ್ತ ಯಲ್ಲಕ್ಕನಿಗೆ ಅದು ಬಂದದ್ದು ತಿಳಿಯಲೇ ಇಲ್ಲ. ಕಂಡಾಗ ಕೊಡ ಒಂದು ಕಡೆ, ತಾನೊಂದು ಕಡೆ ಹಾರಿ ಕಬ್ಬಿನ ಒಣಸೋಗೆಯ ರವದಿಯ ಮೇಲೆ ಬಿದ್ದಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಕೇದಾರಿ ಓಡಿಹೋಗಿ ಕೊಡ ಎತ್ತಿಕೊಟ್ಟ.

ಧಣಿ ಊಟ ಮಾಡಿ ಅಡ್ಡಾದರು. ಮಾಲಿಂಗಪ್ಪ ಬಂದು, ಅವ್ವನವರು ಕರೆಯುತ್ತಾರೆ ಎಂದ. ಪಡಸಾಲೆಯಲ್ಲಿ ಬಾಬಾಸಾಹೇಬರ ತಾಯಿ ಗೌರವ್ವನವರು ಕೈ ಚಾಚಿ ಕೂತಿದ್ದರು.

"ಆ ಚೂರು ಕೊಡು ಇಲ್ಲೆ," ಎಂದು ಇಸಿದುಕೊಂಡು ನೋಡಿದರು. "ಇದನ್ನ ಹುಡುಕಿದಿ ಅಂದ್ರ ಶಾಣ್ಯಾ ಅದಿ. ಎಲ್ಲಿತ್ತೋ ಅಲ್ಲೇ ಇಡು."

"ಅವ್ವಾರ?"

"ತುಡುಗ ಟಗರಿಗೆ ಗಂಟಿ ಕಟ್ಟೂದಿಲ್ಲೇನು? ನಾ ನನ್ನ ಮಗನ ಗಾಡಿಗೆ ಕಟ್ಟೇನಿ. ಮಾಲಿಂಗಪ್ಪಗ ಹೇಳಿ ನಾನ ಇಡಿಸೇನಿ. ಇವರಪ್ಪ ಕುದುರಿ ಓಡಸ್ಕೊಂತ ಹ್ವಾದವರು ಹೊಳ್ಳಿ ಬರಲಿಲ್ಲ. ಇಂವ ಹೇಳಿದ್ರ ಕೇಳಾಂಗಿಲ್ಲ. ಆ ಕೂಗ ಕೇಳಿದ್ರ ಊರ ಮಂದಿ ಬಾಜೂಕ ಸರೀತಾರ, ಮಗ ಜೀವಂತ ಬಂದಾನಂತ ನಾ ಒಂದ ತುತ್ತ ಉಣ್ಣತೇನಿ." ಸ್ವಲ್ಪ ತಡೆದು ಸೇರಿಸಿದರು: "ಈ ಉಪಾಯ ನನಗ ಹೇಳಿಕೊಟ್ಟಾಕಿ ಒಬ್ಬಾಕಿ ಅದಾಳ. ಹೆಸರ ಹೇಳಾಂಗಿಲ್ಲ. ನೀನೂ ಬಾಯಿ ಬಿಡಬ್ಯಾಡ."

ಕೇದಾರಿಗೆ ಕಣಗಲಾದ ಕಟ್ಟೆ ಕಂಡಿತು, ಕೆಂಚಪ್ಪನ ಹಲ್ಲು ಕಂಡವು. ಆಮೇಲೆ ರವದಿಯಲ್ಲಿ ಬಿದ್ದ ಯಲ್ಲಕ್ಕ ಕಂಡಳು. ಅವನು ಚೂರು ತೆಗೆದುಕೊಂಡು ಅಂಗಳಕ್ಕಿಳಿದ. ಇಷ್ಟು ದುಃಖದಿಂದ ಅವನು ಯಾವ ಗಾಲಿಯನ್ನೂ ಜೋಡಿಸಿರಲಿಲ್ಲ.

ಇಳಿಹೊತ್ತಿಗೆ ಬಾಬಾಸಾಹೇಬರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ವಾಡೆಯಿಂದ ಅಗಸೆಗೆ ಒಂದು ಕೂಗಳತೆ. ಅಷ್ಟರಲ್ಲೇ ಕೇದಾರಿ ಚರ್ಮದ ಆಸನದ ವಾಸನೆ ಕುಡಿದ, ಗಡಿಯಾರದಂಥ ಮುಳ್ಳುಗಳು ಏಳುವುದನ್ನು ಕಂಡ, ಮನೆಗಳೆಲ್ಲ ತನಗೆ ದಾರಿ ಬಿಟ್ಟು ಹಿಂದೆ ಓಡುವುದನ್ನು ಕಂಡ. ಬದುಕಿದ್ದು ಸಾರ್ಥಕ ಅನ್ನಿಸಿತು. ತಿರುವು ಬಂತು. ಕೀಂ.

ಗಾಡಿ ನಿಂತಿತು. "ಇಳಿ ಕೆಳಗ," ಎಂದರು ಬಾಬಾಸಾಹೇಬರು. "ಒಂದ ಚೂರು ತೋರಿಸಿ ನನ್ನ ಮಂಗ್ಯಾ ಮಾಡಿದಿ. ನಾಳಿ ಬೆಳಗಾವ್ಯಾಗಿಂದ ಮಿಸ್ತ್ರಿ ಕರಸ್ತೇನಿ."

ಕೇದಾರಿ ಇಳಿದು ತನ್ನ ಸೈಕಲ್ಲಿನ ಕಡೆ ನಡೆದ. ಕಿರಾಣಿ ಅಂಗಡಿಯಿಂದ ಮುರಿಗೆಪ್ಪ, "ನಾ ಅವಾಗ ಹೇಳಿದ್ನಿ, ಕೀಲೆಣ್ಣಿ ಅಂತ," ಎಂದ.

ಬರಿದಲೆಯಲ್ಲಿ ಸೈಕಲ್ ತುಳಿದು ಕೇದಾರಿ ಕಣಗಲಾ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮೋಟಾರು ನೋಡಲು ಅರ್ಧ ಊರು ನೆರೆದಿತ್ತು. ಕೆಂಚಪ್ಪ ಹೂವಿನ ಹಾರ ಹಿಡಿದು ನಿಂತಿದ್ದ. ಕೇದಾರಿ ಬ್ರೇಕು ಹಿಡಿದ. ಕೀಂ.

ಕಟ್ಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೆಂಚಪ್ಪ ಹಾರವನ್ನು ಸೈಕಲ್ಲಿನ ಹ್ಯಾಂಡಲ್ಲಿಗೇ ಹಾಕಿ, "ಮಾಮಾ, ನಿಮ್ಮ ಮೋಟಾರ ಬಾಳ ಒದರತೈತಿ, ನಾ ನೋಡ್ತೇನಿ ತಡೀರಿ," ಎಂದು ಅದನ್ನು ತಲೆಕೆಳಗೆ ಮಾಡಿ ಬ್ರೇಕಿನ ರಬ್ಬರು ಕಿತ್ತ. ಅದರಿಂದ ಏನೋ ಕೆಳಗೆ ಬಿದ್ದು ಟಿಣ್ ಎಂದಿತು.

ಉಗುರಿನಷ್ಟು ಕಂಚಿನ ಚೂರು.

ಕೇದಾರಿ ಅದನ್ನು ಎತ್ತಿಕೊಂಡು ತಲೆ ಎತ್ತಿದ. ಗಂಟು ಹಿಡಿದು ಬಾಗಿಲಿಗೆ ಬಂದಿದ್ದ ರಾಮವ್ವ ಸೆರಗಿನ ಅಂಚನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದಳು.

"ನೀವು ಯಾವಾಗ್ಲೂ ಮ್ಯಾಲ ನೋಡ್ಕೊಂತ ಸೈಕಲ್ ಹೊಡೀತೀರಿ," ಎಂದಳು ಮೆಲ್ಲಗೆ. "ಮೋಟಾರನ್ಯಾಗ ಬರ್ತೀರಂತ ಕೇಳಿ ಮುಂಜಾನಿಂದ ನೀರ ಸೈತ ಇಳದಿಲ್ಲ ನನಗ. ಈಗ ಆ ಕೂಗ ಕೇಳಿದ ಮ್ಯಾಲೆ ಜೀವ ಬಂತು."

ಬಾಗೇವಾಡಿಯ ಏಕೈಕ ಮಿಸ್ತ್ರಿ ವಾಡೆಯಲ್ಲಿ ರೊಟ್ಟಿ ಬಡಿಯುವ ತನ್ನ ಹೆಂಡತಿಯ ಮುಖವನ್ನು ಒಮ್ಮೆ, ಅಂಗೈಯಲ್ಲಿದ್ದ ಚೂರನ್ನು ಒಮ್ಮೆ ನೋಡಿದ. ಬೆಳಗಿನಿಂದ ಕಂಡ ಯಾವ ಯಂತ್ರದಿಂದಲೂ ಅವನಿಗೆ ಇಷ್ಟು ಬೆರಗಾಗಿರಲಿಲ್ಲ. ಆಮೇಲೆ ಕೆಂಚಪ್ಪನ ಕೈಯಿಂದ ರಬ್ಬರು ಇಸಿದುಕೊಂಡು, ಆ ದಿನ ಎರಡನೆಯ ಸಲ, ಎಲ್ಲಿತ್ತೋ ಅಲ್ಲೇ ಇಟ್ಟ.