ವಿಮ್ಟೋದಲ್ಲಿ ಮುಳುಗಿದ ಜಿಂಕೆ

ಪ್ರಫುಲ್ಲಾ: ಇದೆಂತ ಬಣ್ಣ ಮಾರಾಯ್ರೆ? ನೇರಳೆ ಹಣ್ಣು ತಿಂದ ಮಕ್ಕಳ ನಾಲಗೆಯ ಹಾಗೆ ಆಗಿದೆಯಲ್ಲ ಮಾಂಸ!

ಶೀನಪ್ಪ: ಅದು ನೆನೆಹಾಕಿದ್ದು. ನಿನಗೆ ಗೊತ್ತಾಗ್ಲಿಕ್ಕಿಲ್ಲ.

ಪ್ರಫುಲ್ಲಾ: ಎಂತದರಲ್ಲಿ ನೆನೆಹಾಕಿದ್ದು?

ಶೀನಪ್ಪ: ಯೂಟ್ಯೂಬಿನಲ್ಲಿ ಒಬ್ಬ ಬಿಳಿಯ ಹೇಳಿದ. ಜಿಂಕೆ ಮಾಂಸಕ್ಕೆ ಕಾಡಿನ ವಾಸನೆ ಇರ್ತದೆ, ಹಿಂದಿನ ದಿನವೇ ರೆಡ್ ವೈನಿನಲ್ಲಿ ಮುಳುಗಿಸಿಡಿ ಅಂತ.

ಪ್ರಫುಲ್ಲಾ: ಅಯ್ಯಯ್ಯೋ! ಊಟಕ್ಕೆ ಬರುವವರು ಉಮ್ಮರಾಕ. ಅವರ ಬಟ್ಟಲಿಗೆ ವೈನಾ?

ಶೀನಪ್ಪ: ನನಗೆ ಅಷ್ಟೂ ಬುದ್ಧಿ ಇಲ್ವಾ? ಅದಕ್ಕೇ ವೈನಿನ ಬದಲು ವಿಮ್ಟೋ ಸುರಿದೆ.

ಪ್ರಫುಲ್ಲಾ: ವಿಮ್ಟೋ! ರಂಜಾನಿನಲ್ಲಿ ತಂದಿಟ್ಟ ಶರಬತ್ತು?

ಶೀನಪ್ಪ: ಅದೂ ಕೆಂಪು, ಇದೂ ಕೆಂಪು. ಅದೂ ದ್ರಾಕ್ಷಿ, ಇದೂ ದ್ರಾಕ್ಷಿ. ಅದು ಹರಾಮು, ಇದು ಹಲಾಲು. ತಪ್ಪೆಲ್ಲಿ ಹೇಳು?

ಪ್ರಫುಲ್ಲಾ: ಇಡೀ ಬಾಟ್ಲಿ?

ಶೀನಪ್ಪ: ಇಲ್ಲಪ್ಪ. ತಳದಲ್ಲಿ ಸ್ವಲ್ಪ ಉಳೀತು. ಅದನ್ನು ನಾನು ಕುಡಿದೆ.

ಅಬುಧಾಬಿಯ ಖಲೀಫಾ ಸಿಟಿಯ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆ, ಒಂದು ಅಡುಗೆಮನೆಯಲ್ಲಿ ಈ ದಂಪತಿಯ ಸಂಸಾರ. ಶೀನಪ್ಪ ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಸ್ಟೋರ್ ಕೀಪರ್. ಕಣ್ಣುಮುಚ್ಚಿ ಮುಟ್ಟಿ ಬೋಲ್ಟಿನ ಸೈಜು ಹೇಳುವ ಮನುಷ್ಯ, ಆದರೆ ಅಡುಗೆಮನೆಗೆ ಬಂದರೆ ಕಣ್ಣು ಬಿಟ್ಟುಕೊಂಡೂ ಜೀರಿಗೆ ಯಾವುದು, ಸೋಂಪು ಯಾವುದು ತಿಳಿಯದು. ಅಂಥವನಿಗೆ ಜಿಂಕೆಯ ಗೊಡವೆ ಯಾಕೆ ಬೇಕಿತ್ತು ಅಂದರೆ, ಅದಕ್ಕೆ ಅವನ ಬಾಯಿಯೇ ಕಾರಣ.

ಹದಿನೆಂಟು ವರ್ಷ ಕಂಪನಿ ಬಸ್ಸಿನಲ್ಲಿ ಅವನೂ, ಗಂಡ-ಹೆಂಡತಿ ಇಬ್ಬರೂ ಉಮ್ಮರಾಕ ಅಂತ ಕರೆಯುವ ಉಮ್ಮರಬ್ಬನೂ ಒಂದೇ ಸೀಟು. ಬಸ್ಸು ಟ್ರಾಫಿಕ್ಕಿನಲ್ಲಿ ನಿಂತಿತೋ, ಶೀನಪ್ಪನ ಅಜ್ಜ ಕೋವಿ ಹೆಗಲಿಗೇರಿಸಿ ಹೊರಟರು ಅಂತಲೇ ಲೆಕ್ಕ. ಅಜ್ಜ ಹೊಡೆದ ಜಿಂಕೆ, ಅಜ್ಜಿ ಮಾಡಿದ ಒಣ ಮಸಾಲೆಯ ಸುಕ್ಕ, ಅದರ ಘಮ, ನಾರು ನಾರಾಗಿ ಬಿಡಿಸಿಕೊಳ್ಳುತ್ತಿದ್ದ ತುಂಡು! ಈಗ ಉಮ್ಮರಬ್ಬನ ವೀಸಾ ಮುಗಿದಿತ್ತು. ಮಂಗಳವಾರದ ವಿಮಾನಕ್ಕೆ ಊರಿಗೆ, ಮತ್ತೆ ಬರುವುದಿಲ್ಲ. ಕಳೆದ ವಾರ ಅವನು ಕೇಳಿದ್ದು ಇಷ್ಟೇ: "ಶೀನಣ್ಣ, ಹದಿನೆಂಟು ವರ್ಷ ಕಿವಿಯಲ್ಲಿ ಜಿಂಕೆ ತಿನ್ನಿಸಿದ್ರಿ. ಹೋಗುವ ಮುಂಚೆ ಒಮ್ಮೆ ಬಾಯಲ್ಲಿ ತಿನ್ನಿಸಿ."

ಇಲ್ಲ ಅನ್ನಲು ಶೀನಪ್ಪನಿಗೆ ನಾಲಗೆ ಏಳಲಿಲ್ಲ. ಸೂಪರ್ ಮಾರ್ಕೆಟಿನ ಫ್ರೀಜರಿನಲ್ಲಿ ಕೈಯಾಡಿಸಿ, ಹಲಾಲ್ ಮುದ್ರೆಯ ನ್ಯೂಜಿಲೆಂಡ್ ಜಿಂಕೆ ಎರಡು ಕಿಲೋ ಹಿಡಿದು ತಂದ. ಈಗ ಭಾನುವಾರ, ಹನ್ನೊಂದು ಗಂಟೆ. ಉಮ್ಮರಬ್ಬ ಬರುವುದು ಒಂದಕ್ಕೆ.

ಶೀನಪ್ಪ: ತಲೆಬಿಸಿ ಬೇಡ. ಕುಕ್ಕರಿಗೆ ಹಾಕು, ಏಳು ಸೀಟಿ ಹೊಡೆಸು.

ಪ್ರಫುಲ್ಲಾ: ಏಳು ಸೀಟಿ ಹೊಡೆಸಿದ್ರೆ ನಿಮ್ಮ ಮುಸಫ್ಫಾದ ಟಯರ್ ಅಂಗಡಿಗೆ ಕೊಡ್ಬಹುದು. ಒಂದು ಚೂರು ಕೊಬ್ಬಿಲ್ಲ ಇದರಲ್ಲಿ, ನೋಡಿ. ನಿಮ್ಮ ಅಜ್ಜಿ ಹೇಗೆ ಮಾಡ್ತಿದ್ರು? ಅದನ್ನು ಹೇಳಿ.

ಶೀನಪ್ಪ: ಅದು... ನಮ್ಮನ್ನು ಅಡುಗೆಮನೆಗೆ ಬಿಡ್ತಿರಲಿಲ್ಲ.

ಪ್ರಫುಲ್ಲಾ: ಯಾಕಂತೆ?

ಶೀನಪ್ಪ: ಗುಟ್ಟಿನ ವಿಷಯ ಅಲ್ವಾ! ಹೊರಗೆ ಗೊತ್ತಾದ್ರೆ ಫಾರೆಸ್ಟಿನವರು ಬಂದು ಅಜ್ಜನನ್ನು ಹಿಡ್ಕೊಂಡು ಹೋಗ್ತಾರೆ. ಅಜ್ಜಿ ನನ್ನ ತಲೆ ಮುಟ್ಟಿ ಆಣೆ ಹಾಕಿಸಿದ್ರು. ಊರಲ್ಲಿರುವಷ್ಟು ದಿನ ನಾನು ತುಟಿ ಬಿಚ್ಚಿದವನೇ ಅಲ್ಲ. ಬಾಯಿ ಬಿಟ್ಟದ್ದೇ ಅಬುಧಾಬಿಗೆ ಬಂದ ಮೇಲೆ.

ಪ್ರಫುಲ್ಲಾ: ಹಾಗಾದ್ರೆ ದೊಡ್ಡಕ್ಕನನ್ನೇ ಕೇಳುವಾ. ಅವರು ಅಡುಗೆಮನೆಯಲ್ಲೇ ಇದ್ದವರಲ್ವಾ?

ಬೋಟಿಮ್ ಆ್ಯಪಿನಲ್ಲಿ ಊರಿಗೆ ವಿಡಿಯೋ ಕರೆ ಹೋಯಿತು. ಶೀನಪ್ಪನ ಅಕ್ಕನ ಹಣೆ ಮೊದಲು ಕಾಣಿಸಿತು, ಆಮೇಲೆ ಮುಖ.

ಪ್ರಫುಲ್ಲಾ: ಅತ್ತಿಗೆ, ಅಜ್ಜಿ ಜಿಂಕೆ ಸುಕ್ಕಕ್ಕೆ ಎಂತೆಂತ ಹಾಕ್ತಿದ್ರು?

ದೊಡ್ಡಕ್ಕ: ಯಾವ ಜಿಂಕೆ?

ಶೀನಪ್ಪ: ಅಜ್ಜ ಬೇಟೆಯಾಡಿ ತರ್ತಿದ್ದ ಜಿಂಕೆ ಅಕ್ಕಾ! ಆಣೆಗೀಣೆ ಬಿಡು, ಈಗ ಹೇಳಿದ್ರೆ ತೊಂದರೆ ಇಲ್ಲ.

ದೊಡ್ಡಕ್ಕ: ಅಯ್ಯೋ ದೇವರೇ! ನೀನಿನ್ನೂ ಅದನ್ನು ನಂಬಿಕೊಂಡಿದ್ದೀಯಾ? ಅದು ಗುಜ್ಜೆ ಮಾರಾಯ, ಎಳೆ ಹಲಸಿನಕಾಯಿ!

ಶೀನಪ್ಪ: ಗುಜ್ಜೆ?

ದೊಡ್ಡಕ್ಕ: ಆಗ ಮಾಂಸ ತರ್ಲಿಕ್ಕೆ ಮನೆಯಲ್ಲಿ ದುಡ್ಡೆಲ್ಲಿತ್ತು? ನೀನು ಮಾಂಸ ಬೇಕು ಅಂತ ನೆಲದಲ್ಲಿ ಬಿದ್ದು ಹೊರಳಾಡ್ತಿದ್ದೆ. ಅಜ್ಜಿ ಗುಜ್ಜೆಗೆ ಮಾಂಸದ ಮಸಾಲೆ ಹಾಕಿ ಜಿಂಕೆ ಅಂದ್ರು. ಹೊರಗೆ ಬಾಯಿಬಿಟ್ರೆ ಬೇರೆ ಮಕ್ಕಳು ನಗಾಡಿ ನಿನಗೆ ಸತ್ಯ ಗೊತ್ತಾಗ್ತದೆ ಅಂತ ಆಣೆ ಹಾಕಿಸಿದ್ದು.

ಶೀನಪ್ಪ: ಮತ್ತೆ ಗೋಡೆಯಲ್ಲಿದ್ದ ಕೋವಿ?

ದೊಡ್ಡಕ್ಕ: ಅದು ಶಾಲೆಯ ನಾಟಕಕ್ಕೆ ಮಾಡಿದ ಮರದ ಕೋವಿ!

ಫೋನು ಕೆಳಗಿಟ್ಟ ಮೇಲೂ ಅಕ್ಕನ ನಗೆ ಶೀನಪ್ಪನ ಕಿವಿಯಲ್ಲೇ ಇತ್ತು. ಐವತ್ತೆರಡು ವರ್ಷದ ಗಂಡಸು, ವರ್ಕ್‌ಶಾಪಿನಲ್ಲಿ ಹತ್ತು ಜನ 'ಸರ್' ಅನ್ನುವವನು, ಅಜ್ಜಿ ಕಿವಿಗಿಟ್ಟ ಹೂವನ್ನು ಇಲ್ಲಿಯವರೆಗೂ ಜೋಪಾನವಾಗಿ ಹೊತ್ತುಕೊಂಡು ಬಂದಿದ್ದ! ನಾಚಿಕೆಯೂ ಆಯಿತು. ನೆಲದಲ್ಲಿ ಹೊರಳಾಡುವ ಹುಡುಗನಿಗಾಗಿ ಗುಜ್ಜೆ ಕೊಚ್ಚುತ್ತ ಕೂತ ಅಜ್ಜಿಯೂ ಕಣ್ಣ ಮುಂದೆ ಬಂದರು.

ಶೀನಪ್ಪ: ಪ್ರಫುಲ್ಲಾ, ಉಮ್ಮರಾಕನಿಗೆ ಫೋನ್ ಮಾಡಿ ನನಗೆ ಜ್ವರ ಅಂತ ಹೇಳುವಾ.

ಪ್ರಫುಲ್ಲಾ: ಮಂಗಳವಾರ ಹೋಗುವವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸ್ತೀರಾ? ಸರಿಯಿರಿ ಆಚೆ. ಸಿಹಿಯಾಗಿದೆ ತಾನೇ? ಘೀ ರೋಸ್ಟಿಗೆ ಹೇಗೂ ಬೆಲ್ಲ ಹಾಕ್ಲಿಕ್ಕುಂಟು. ಈಗ ಬೆಲ್ಲ ಉಳೀತು ಅಂತ ತಿಳ್ಕೊಳ್ಳಿ.

ಮಾಂಸವನ್ನು ಎರಡು ನೀರಿನಲ್ಲಿ ತೊಳೆದು ಹಿಂಡಿದಳು. ನಾರಿಗೆ ಅಡ್ಡವಾಗಿ ತೆಳ್ಳಗೆ ಕೊಯ್ದಳು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ ಹುರಿದು, ಹುಣಸೆಹುಳಿ ಸೇರಿಸಿ ನುಣ್ಣಗೆ ರುಬ್ಬಿದಳು. ಬಾಣಲೆಗೆ ಬಿದ್ದ ಕೊಬ್ಬಿಲ್ಲದ ಮಾಂಸಕ್ಕೆ ತುಪ್ಪ ಸುರಿಯುವಾಗ ಕೈ ಬಿಗಿಹಿಡಿಯಲಿಲ್ಲ.

ಶೀನಪ್ಪ: ಇಷ್ಟು ಬೇಗ ಇಳಿಸಿದೆಯಾ?

ಪ್ರಫುಲ್ಲಾ: ಖಲಾಸ್. ಇನ್ನು ಎರಡು ನಿಮಿಷ ಬಿಟ್ರೆ ಒಣಗಿ ಚಕ್ಕಳ. ನೀವು ನೀರುದೋಸೆ ತಟ್ಟೆ ಜೋಡಿಸಿ, ಬಾಯಿ ಮಾತ್ರ ಆಡಿಸ್ಬೇಡಿ.

ಒಂದು ಗಂಟೆಗೆ ಸರಿಯಾಗಿ ಉಮ್ಮರಬ್ಬ ಬಂದ, ಇಸ್ತ್ರಿಯ ಅಂಗಿ, ಕೈಯಲ್ಲಿ ಖರ್ಜೂರದ ಡಬ್ಬಿ. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ.

ಉಮ್ಮರಬ್ಬ: ಫಸ್ಟ್ ಕ್ಲಾಸ್ ಪ್ರಫುಲ್ಲಕ್ಕ! ಹೋಟೆಲಿನವರು ನಿಮ್ಮ ಕಾಲಿಗೆ ಬೀಳ್ಬೇಕು. ಆದ್ರೆ ಶೀನಣ್ಣ...

ಶೀನಪ್ಪ: ಆದ್ರೆ?

ಉಮ್ಮರಬ್ಬ: ಬಸ್ಸಿನಲ್ಲಿ ನೀವು ಹೇಳ್ತಿದ್ದ ರುಚಿ ಇದಲ್ಲ. ಅದು ನಾರು ನಾರಾಗಿ ಬಿಡಿಸಿಕೊಳ್ತಿತ್ತು ಅಂತ ಹೇಳ್ತಿದ್ರಿ.

ನ್ಯೂಜಿಲೆಂಡಿನ ಜಿಂಕೆಯೇ ಹಾಗೆ, ನಮ್ಮೂರಿನದ್ದರ ಗಮ್ಮತ್ತೇ ಬೇರೆ, ಅಂದುಬಿಟ್ಟರೆ ಮುಗಿಯಿತು. ಸುಳ್ಳು ನಾಲಗೆಯ ತುದಿಗೆ ಬಂದು ನಿಂತೂ ಇತ್ತು. ಆದರೆ ಎದುರು ಕೂತವನು ಇನ್ನು ಆ ಸೀಟಿನಲ್ಲಿ ಕೂರುವವನಲ್ಲ ಅಂತ ನೆನಪಾಗಿ, ಶೀನಪ್ಪ ಆ ಸುಳ್ಳನ್ನು ನುಂಗಿಕೊಂಡ.

ಶೀನಪ್ಪ: ಉಮ್ಮರಾಕ, ನನ್ನನ್ನು ಬೈಯಿರಿ. ನಾನು ಜಿಂಕೆ ತಿನ್ನುವುದು ಇವತ್ತೇ ಮೊದಲು. ನಮ್ಮಜ್ಜ ಇಲಿಯನ್ನೂ ಹೊಡೆದವರಲ್ಲ. ನನಗೇ ಗೊತ್ತಾದದ್ದು ಬೆಳಿಗ್ಗೆ ಹನ್ನೊಂದೂವರೆಗೆ.

ಉಮ್ಮರಬ್ಬ: ನನಗೆ ಗೊತ್ತಾಗಿ ಹದಿನೇಳು ವರ್ಷ ಆಯ್ತಲ್ಲ.

ಶೀನಪ್ಪ: ಹಾಂ?

ಉಮ್ಮರಬ್ಬ: ಮೊದಲ ವರ್ಷ ನಿಮ್ಮ ಅಜ್ಜ ಹೊಡೆದದ್ದು ಒಂದೇ ಜಿಂಕೆ. ಕೊರೊನಾ ಮುಗಿಯುವಾಗ ಹನ್ನೊಂದು ಆಗಿತ್ತು. ಮೇಲೊಂದು ಹುಲಿ.

ಶೀನಪ್ಪ: ಹುಲಿ ನಾನು ಹೇಳಿಲ್ಲ!

ಉಮ್ಮರಬ್ಬ: ಹೇಳಿದ್ರಿ. ಟ್ರಾಫಿಕ್ ತುಂಬಾ ಇದ್ದ ದಿನ.

ಶೀನಪ್ಪ: ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?

ಉಮ್ಮರಬ್ಬ: ನಿಮ್ಮ ಬಾಯಿ ಮುಚ್ಚಿಸಿದ್ರೆ ಆ ಬಸ್ಸಿನಲ್ಲಿ ಒಂದೂವರೆ ಗಂಟೆ ನಾನೆಂತ ಮಾಡುವುದು? ಅದಿರ್ಲಿ, ಅಜ್ಜಿ ಮಾಡ್ತಿದ್ದದ್ದು ಎಂತದರ ಸುಕ್ಕ?

ಶೀನಪ್ಪ: ಗುಜ್ಜೆ.

ಉಮ್ಮರಬ್ಬ ಹೊಟ್ಟೆ ಕುಲುಕಿಸಿ ನಕ್ಕ, ಕಣ್ಣಲ್ಲಿ ನೀರು ಬಂತು, ನೀರು ಕುಡಿಸಬೇಕಾಯಿತು.

ಉಮ್ಮರಬ್ಬ: ಯಾ ಅಲ್ಲಾ! ನಮ್ಮ ಹಿತ್ತಿಲಲ್ಲಿ ಎರಡು ಹಲಸಿನ ಮರ ಉಂಟು ಮಾರಾಯ್ರೆ! ನನ್ನ ಹೆಂಡತಿ ನಫೀಸ ಕಾಯಿ ಕೊಯ್ದು ಕೊಯ್ದು ಆಚೆಮನೆ ಈಚೆಮನೆಗೆ ಹಂಚುವುದು. ರಜೆಗೆ ಬಂದಾಗ ಸೀದಾ ನಮ್ಮಲ್ಲಿಗೇ ಬನ್ನಿ. ಒಟ್ಟಿಗೆ ಬೇಟೆಗೆ ಹೋಗುವಾ.

ಶೀನಪ್ಪನ ಎದೆ ಒಂದಿಷ್ಟು ಉಬ್ಬಿತು.

ಶೀನಪ್ಪ: ಬಂದೇ ಬರ್ತೇನೆ! ಗುರಿ ಹಿಡಿಯುವುದು ನಾನೇ. ನಮ್ಮಜ್ಜ ಒಮ್ಮೆ ಕತ್ತಲಲ್ಲಿ—

ಪ್ರಫುಲ್ಲಾ: ಶುರುವಾಯ್ತು! ಉಮ್ಮರಾಕ, ಇವರ ಕೈಗೆ ಕಾಯಿ ಕೊಯ್ಯುವ ದೋಟಿ ಒಂದು ಕೊಡಿ, ಸಾಕು. ಹಲಸಿನಕಾಯಿ ಓಡಿಹೋಗುವುದಿಲ್ಲ.